ಮೊದಲ ಬಾಟಲಿ

ವ್ಯಸನಮುಕ್ತಿ ಕೇಂದ್ರದಲ್ಲಿ ಪ್ರತಿ ಸೋಮವಾರ ಮೂತ್ರಪರೀಕ್ಷೆ. ಒಳಗಿದ್ದವರು ನಾಚದಿರಲೆಂದು ಆಪ್ತಸಮಾಲೋಚಕ ಮೊದಲ ಬಾಟಲಿಯಾಗಿ ತನ್ನದನ್ನೇ ಇಡುತ್ತಿದ್ದ. ಅವನೂ ಒಂದು ಕಾಲಕ್ಕೆ ಇಲ್ಲೇ ಮಲಗಿ ನರಳಿದವನು. ಚಟ ಬಿಟ್ಟು ಒಂಬತ್ತು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವನು ಅಣ್ಣ.

ಮೂತ್ರದಲ್ಲಿ ಅದ್ದಿದ ಪರೀಕ್ಷಾಪಟ್ಟಿಯಲ್ಲಿ ಎರಡು ಗೆರೆ ಮೂಡಿದರೆ ಶುದ್ಧ, ಒಂದೇ ಮೂಡಿದರೆ ಮತ್ತೆ ಮಾದಕವಸ್ತು ಮುಟ್ಟಿದ್ದಾನೆಂದು ಅರ್ಥ. ಅಣ್ಣನದನ್ನು ನೋಡುವುದೇನು ಬಂತು! ಲ್ಯಾಬಿನ ಹುಡುಗಿ ಕಣ್ಣೆತ್ತದೆ ‘ಶುದ್ಧ’ ಎಂದು ಬರೆದುಬಿಡುತ್ತಿದ್ದಳು. ಈ ಸೋಮವಾರ ಪೆನ್ನು ಕೈಕೊಟ್ಟಿತು. ಅದನ್ನು ಒದರುವಾಗ ಪಟ್ಟಿಯ ಮೇಲೆ ಕಣ್ಣು ಬಿತ್ತು. ಒಂದೇ ಗೆರೆ.

ಹಾಳಾದ ಪಟ್ಟಿ ಎಂದು ಬೈದು ಹೊಸದನ್ನು ಅದ್ದಿದಳು. ಒಂದೇ. ಮೂರನೆಯದರಲ್ಲೂ ಒಂದೇ.

ತಲೆಯೆತ್ತಿದರೆ ಬಾಗಿಲಲ್ಲಿ ಅವನೇ ನಿಂತಿದ್ದ.

“ಯಾರೋ ಬಾಟ್ಲಿ ಅದಲುಬದಲು ಮಾಡಿದಾರೆ, ಅಣ್ಣಾ!”

“ಇಲ್ಲಮ್ಮ, ಅದು ನಂದೇ.”

ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. “ನೀವು ಇಡ್ಲೇಬೇಕು ಅಂತ ಯಾರೂ ಹೇಳಿರ್ಲಿಲ್ವಲ್ಲ! ಗೊತ್ತಿದ್ದೂ ಯಾಕಿಟ್ರಿ?”

“ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ನೀನಾದ್ರೂ ಹಿಡೀತೀಯ ಅಂತ ಇಟ್ಟೆ,” ಎಂದ ಅವನು. “ಇದು ಐದನೇ ಸೋಮವಾರ.”