ನಲವತ್ತೊಂಬತ್ತರಲ್ಲಿ ಬಂದ ಐವತ್ತರ ಕಾರು

ಸೈಫುದ್ದೀನರನ್ನು ಅವರ ಕಾರಿನ ವಯಸ್ಸು ಕೇಳಿದ ಯಾರಿಗೂ ಉತ್ತರವಾಗಿ ಒಂದೇ ವರ್ಷ ಸಿಕ್ಕಿದ್ದಿಲ್ಲ. ನಾನು ಅವರನ್ನು ಮೊದಲು ಕಂಡದ್ದು ೧೯೭೪ರ ಏಪ್ರಿಲ್‌ನಲ್ಲಿ, ತಿಕೋಟಾದ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ. ಹೊನವಾಡದಿಂದ ನನ್ನನ್ನು ಕರೆತಂದ ಬಸ್ಸು ಅಲ್ಲಿಯೇ ಕೆಟ್ಟು ನಿಂತಿತ್ತು. ವಿಜಾಪುರದಲ್ಲಿ ನನಗೆ ಬಿ.ಎ. ಪರೀಕ್ಷೆ. ಮರದ ನೆರಳಿನಲ್ಲಿ ಬಾಡಿಗೆಗೆ ನಿಂತ ಹಸಿರು ಬಣ್ಣದ ಉದ್ದನೆಯ ಅಮೆರಿಕದ ಕಾರು, ಅದರ ಪಕ್ಕದಲ್ಲಿ ಆ ಬಿಸಿಲಲ್ಲೂ ಉಣ್ಣೆಯ ಕರಿ ಕೋಟು ತೊಟ್ಟ ತೆಳ್ಳನೆಯ ಮನುಷ್ಯ. ತಿರುವಿನಲ್ಲಿ ಸ್ಟೇರಿಂಗ್ ಹಿಡಿದವರಂತೆ ಒಂದು ಭುಜ ಇಳಿಸಿ ನಡೆಯುತ್ತಿದ್ದರು. ಬಾಗಿಲಿಗೆ ಕೈ ಹಾಕಿದ ನನ್ನನ್ನು ತಡೆದು, "ಬಾಗಿಲಾ ನಾ ಹಾಕತೇನಿ, ನೀವು ಕುಂದರ್ರಿ" ಎಂದರು. ತೊಟ್ಟಿಲಿನ ಕೂಸಿಗೆ ಎಚ್ಚರವಾದೀತೆಂಬಷ್ಟು ಮೆಲ್ಲಗೆ ಹಾಕಿದರು.

ಮಾತಿಗೆಂದು ಕೇಳಿದೆ: "ಕಾಕಾ, ಯಾವ ವರ್ಷದ ಗಾಡಿರಿ ಇದು?"

"ಐವತ್ತರ ಮಾಡೆಲ್ಲು. ನಲವತ್ತೊಂಬತ್ತರಾಗ ಬಂದೈತಿ. ಎರಡೂ ಖರೆ."

ನಾನು ನಕ್ಕೆ. ಅವರು ನಗಲಿಲ್ಲ.

ಮುಂದೆ ವಿಜಾಪುರದ ಗೋಳಗುಮ್ಮಟದ ಹತ್ತಿರ ನನಗೆ ಗುಮಾಸ್ತಿಕೆ ಸಿಕ್ಕಿತು. ಅವರ ಕಾರಿನಲ್ಲಿ ಓಡಾಡುತ್ತ ಆ ಮಾತಿನ ಹಿಂದಿನ ಕಥೆ ತಿಳಿಯಿತು. ಮೊದಲು ಅವರು ತಿಕೋಟಾದ ಒಬ್ಬ ವ್ಯಾಪಾರಿಯ ಕಾರು ನಡೆಸುತ್ತಿದ್ದರು. ನಲವತ್ತೊಂಬತ್ತರ ಕೊನೆಗೆ ಆ ಧಣಿ, ಬಬಲೇಶ್ವರದ ಶಂಕರೆಪ್ಪನೆಂಬ ಜಮೀನ್ದಾರರ ತಂದೆಯ ಜೊತೆಗೂಡಿ, ಮುಂಬಯಿಯಲ್ಲಿ ಒಂದೇ ದಿನ ಒಂದೇ ತರದ ಎರಡು ಕಾರು ಕೊಂಡಿದ್ದರು. ಇನ್ನೂ ಬಾರದ ವರ್ಷದ ಹೆಸರು ಹೊತ್ತ ಕಾರನ್ನು ಕಂಡು ಸೈಫುದ್ದೀನರು ಕೇಳಿದಾಗ ಕಂಪನಿಯ ಮನುಷ್ಯ ಬಿಡಿಸಿ ಹೇಳಿದ್ದನಂತೆ: ಆ ದೇಶದಲ್ಲಿ ಹೊಸ ಕಾರು ಹೊರಬರುವುದು ಸುಗ್ಗಿ ಮುಗಿದು ಜನರ ಕೈಯಲ್ಲಿ ಹಣವಾಡುವ ಹೊತ್ತಿಗೆ, ಅದಕ್ಕೆ ಆ ವರ್ಷದ್ದೇ ಹೆಸರಿಟ್ಟರೆ ಜನವರಿ ಬರುತ್ತಲೇ ಅದು ಹೋದ ವರ್ಷದ ಕಾರಾಗಿ ಗಿರಾಕಿ ಮುಖ ತಿರುಗಿಸುತ್ತಾನೆ, ಆದ್ದರಿಂದ ಬರುವ ವರ್ಷದ ಹೆಸರನ್ನೇ ಇಟ್ಟುಬಿಡುತ್ತಾರೆ. ಧಣಿ ಸಾಯುವಾಗ ಕಾರನ್ನು ಇವರಿಗೇ ಕೊಟ್ಟ. ಅದು ಟ್ಯಾಕ್ಸಿಯಾಯಿತು, ಮನೆಯ ಒಲೆ ಅದರಿಂದಲೇ ಉರಿಯಿತು.

ಎಪ್ಪತ್ತಾರರಲ್ಲಿ ಟ್ಯಾಕ್ಸಿಯ ಪರವಾನಗಿ ನವೀಕರಿಸಲು ವಿಜಾಪುರಕ್ಕೆ ಹೋದಾಗ, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಸಾರಿಗೆ ಅಧಿಕಾರಿ ಬಾನೆಟ್ಟು ಎತ್ತಿಸಿ, ಮಾಡೆಲ್ಲಿನ ವರ್ಷ ಕೊರೆದ ಒಳಗಿನ ಕಂಪನಿ ತಗಡನ್ನು ಓದಿದರು. ತಗಡಿನಲ್ಲಿ ಐವತ್ತು, ನೋಂದಣಿ ಕಾಗದದಲ್ಲಿ ನಲವತ್ತೊಂಬತ್ತು. ಹುಟ್ಟುವ ಮೊದಲೇ ಕಾರು ರಸ್ತೆಗೆ ಇಳಿಯುವುದೆಂತು? ಎರಡು ಗಾಡಿ ಕತ್ತರಿಸಿ ಒಂದು ಮಾಡಿರಬೇಕೆಂಬ ಅನುಮಾನ ಅವರಿಗೆ ಬಂತು. ಇತ್ಯರ್ಥವಾಗುವ ತನಕ ಓಡಿಸಕೂಡದೆಂದರು. ಆದರೂ ಕಠಿಣ ಮನುಷ್ಯರಲ್ಲ. ರಿಪೇರಿಯಲ್ಲಿ ಬೇರೆ ಕಾರಿನ ತಗಡು ಸೇರಿಕೊಂಡಿದೆಯೆಂದು ಬರೆದುಕೊಟ್ಟರೆ ಮುಗಿಸಿಬಿಡೋಣ ಎಂದು ತಾವೇ ದಾರಿ ತೋರಿದರು.

ಸೈಫುದ್ದೀನರು ಬರೆದುಕೊಡಲಿಲ್ಲ. ಕಾರು ಅಂಗಳದಲ್ಲಿ ನಿಂತಿತು. ಹೆಂಡತಿ ಆಶಾಬಿ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೊರಟಳು. ಜೊತೆಯ ಡ್ರೈವರ್ ತುಕಾರಾಮ ದಿನವೂ ಬಂದು ತಲೆ ತಿನ್ನುತ್ತಿದ್ದ.

"ಚಾಚಾ, ಕಾಗದದ ಮ್ಯಾಲ ಒಂದ ಸುಳ್ಳ. ಗಾಡಿಗೇನ ಕಿವಿ ಅದಾವೇನು?"

"ಗಾಡಿಗಿಲ್ಲ. ನನಗ ಅದಾವಲಾ."

ನಾನು ಅರ್ಜಿ ಬರೆದುಕೊಟ್ಟೆ. ಅದನ್ನು ಹಿಡಿದು ಅವರು ಕಚೇರಿಯ ಮೆಟ್ಟಿಲ ಬಳಿ ನಿಲ್ಲುವುದು ರೂಢಿಯಾಯಿತು. ಒಂದು ದಿನ ಅಧಿಕಾರಿ ಕರೆದು ಕೂರಿಸಿದರು. ಇವರು ಕಂಪನಿಯ ಮಾತನ್ನೆಲ್ಲ ಹೇಳಿ, "ಸಾಹೇಬ್ರ, ಹಿಂಗಾರಿ ಜೋಳ ಸೀಗಿ ಹುಣ್ಣಿಮಿ ಸುತ್ತ ಬಿತ್ತತೇವ್ರಿ, ಶಿವರಾತ್ರಿ ಹೊತ್ತಿಗಿ ರಾಶಿ ಮಾಡತೇವಿ. ನಡುವ ಜನವರಿ ಬಂದು ಹೋಗಿರತೈತಿ. ಆ ಜೋಳ ಯಾವ ವರ್ಷದ್ದು ಹೇಳ್ರಿ?" ಎಂದರು.

ಅಧಿಕಾರಿಗೆ ನಗು ಬಂತು. "ಜೋಳದ ಮಾತು ಬೇಡ ಸೈಫುದ್ದೀನ್ ಸಾಹೇಬರೇ. ಇಂಥದೇ ಇನ್ನೊಂದು ಕಾರು ತೋರಿಸಿ, ನಂಬುತ್ತೇನೆ."

ಸಾಗಹಾಕಲು ಆಡಿದ ಮಾತು ಅದು. ಸೈಫುದ್ದೀನರು ಅಪ್ಪಣೆಯೆಂದೇ ತಿಳಿದು ಬಬಲೇಶ್ವರದ ಬಸ್ಸು ಹತ್ತಿದರು. ಶಂಕರೆಪ್ಪನವರ ಕೊಟ್ಟಿಗೆಯಲ್ಲಿ ಜೊತೆಗಾರ ಕಾರು ಎಷ್ಟೋ ವರ್ಷದಿಂದ ಮೇವಿನ ಕೆಳಗೆ ಹೂತುಹೋಗಿತ್ತು, ಎಂಜಿನ್ನು ಅಲುಗುವಂತಿರಲಿಲ್ಲ. ಇವರು ಮೇವು ಸರಿಸಿದರು, ಟ್ಯೂಬಿಲ್ಲದ ಟೈರುಗಳಿಗೆ ಹುಲ್ಲು ತುರುಕಿದರು, ಮುಂದೆ ಎತ್ತು ಹೂಡಲು ಹಗ್ಗ ಬಿಗಿದರು. ಶಂಕರೆಪ್ಪನವರು ಎತ್ತನ್ನೂ ಹೊಡೆಯುವ ಆಳನ್ನೂ ಕೊಟ್ಟರು, ಹಳೆಯ ಕಾಗದವನ್ನೂ ಕೊಟ್ಟರು, ಚೇಷ್ಟೆಯನ್ನೂ ಮಾಡಿದರು: "ಸೈಫ್ಯಾ, ನಮ್ಮಪ್ಪ ಇದನ್ನ ಎತ್ತಿನ ಗಾಡಿ ಬ್ಯಾಡಂತ ತಂದಿದ್ನಲೇ."

ವಿಜಾಪುರದ ದಾರಿಯಲ್ಲಿ ಸಾರವಾಡದ ಜನ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ರಸ್ತೆಗೆ ಬಂದು ನಿಂತು ನೋಡಿದರಂತೆ. ಎತ್ತು ಎಳೆಯುವ ಕಾರಿನೊಳಗೆ ಕೋಟಿನ ಗುಂಡಿ ಹಾಕಿಕೊಂಡು, ಸ್ಟೇರಿಂಗ್ ಹಿಡಿದು, ತಿರುವು ಬಂದಲ್ಲೆಲ್ಲ ಕೈ ಹೊರಚಾಚಿ ಸನ್ನೆ ಮಾಡುತ್ತ ಸೈಫುದ್ದೀನರು ಬರುತ್ತಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಚೇರಿಯ ಅಂಗಳ ತಲುಪಿದಾಗ ನಾನೂ ಅಲ್ಲಿದ್ದೆ. ಅಧಿಕಾರಿ ಹೊರಬಂದು ಬಾನೆಟ್ಟು ಎತ್ತಿಸಿದರು. ಕೋಳಿಯ ಪುಕ್ಕ ಹಾರಿತು. ತಗಡನ್ನು ತಾವೇ ಕರವಸ್ತ್ರದಿಂದ ಒರೆಸಿ ಓದಿದರು: ಐವತ್ತು. ಕಾಗದ ಬಿಡಿಸಿದರು: ನಲವತ್ತೊಂಬತ್ತು. ಎತ್ತುಗಳ ಕಡೆ ತಿರುಗಿದರು.

"ಇಷ್ಟು ದೂರ ಎಳೆಸಿಕೊಂಡು ಬರುವ ಬದಲು ನನ್ನನ್ನೇ ಅಲ್ಲಿಗೆ ಕರೆಯಬಹುದಿತ್ತಲ್ಲ?"

"ತೋರಸು ಅಂದಿದ್ರಿ. ಬರ್ತೇನಿ ಅಂದಿದ್ದಿಲ್ರಿ."

ಅಲ್ಲಿಯೇ, ಆ ಕಾರಿನ ಬಾನೆಟ್ಟಿನ ಮೇಲೆ ಪರವಾನಗಿಯ ಕಾಗದವಿಟ್ಟು ಅಧಿಕಾರಿ ರುಜು ಹಾಕಿದರು.

ಹೊಟ್ಟೆಪಾಡಿಗಾಗಿ ಒಂದು ಸಣ್ಣ ಸುಳ್ಳನ್ನು ಒಪ್ಪಿಕೊಂಡು ಬದುಕಿದವರನ್ನು ನಾನು ಹಗುರವಾಗಿ ಕಾಣಲಾರೆ. ಅವರಲ್ಲಿ ನನ್ನ ಬಳಗದವರೂ ಇದ್ದಾರೆ. ಆದರೆ ನಮ್ಮ ಸೀಮೆಯ ಊರಿಗೊಬ್ಬರಂತೆ, ತಾವು ಕಣ್ಣಾರೆ ಕಂಡದ್ದನ್ನು ಇನ್ನೊಬ್ಬರ ಅನುಕೂಲಕ್ಕೆ ಮೊಟಕು ಮಾಡಲು ಒಪ್ಪದ ಜನ ಇರುತ್ತಾರೆ. ಅವರು ದೊಡ್ಡ ಮಾತಾಡುವುದಿಲ್ಲ, ಜಗಳಕ್ಕೂ ನಿಲ್ಲುವುದಿಲ್ಲ. ನಿಜವನ್ನು ಎಲ್ಲಿಂದಾದರೂ ಎಳೆದು ತಂದು ಎದುರಿಗೆ ನಿಲ್ಲಿಸಿ ಸುಮ್ಮನಾಗುತ್ತಾರೆ. ಊರು ಅವರನ್ನು ನಗುತ್ತಲೇ ನಂಬುತ್ತದೆ.

ಸೈಫುದ್ದೀನರು ಈಗ ಮತ್ತೆ ತಿಕೋಟಾ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಶುಕ್ರವಾರ ನಮಾಜು ಮುಗಿಸಿ ಬಬಲೇಶ್ವರಕ್ಕೆ ಹೋಗಿ, ಶಂಕರೆಪ್ಪನವರ ಕಾರಿನ ಎಂಜಿನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದಾರೆ.