ತುಳುಕದ ತಂಬಿಗೆ

ಮೂರನೆಯ ಸಲ ನೂಕಿದಾಗಲೂ ಟರ್ಬೋದ ಲಿವರ್ ಅರ್ಧಕ್ಕೇ ನಿಂತುಬಿಟ್ಟಿತು. ಇಸಾಕ ಅದನ್ನು ಗೋಣಿಚೀಲದ ಮೇಲಿಟ್ಟು, ಮಸಿ ಮೆತ್ತಿದ ಕೈಯಲ್ಲೇ ಹಣೆ ಒರೆಸಿಕೊಂಡ. ಅಂಗಳದಲ್ಲಿ ಅವನ ಗಾಡಿ ಬಾನೆಟ್ ಎತ್ತಿಕೊಂಡು ಆಕಳಿಸುತ್ತ ನಿಂತಿತ್ತು.

ಏರಿನಲ್ಲಿ ಇಂಜಿನ್ನಿಗೆ ಗಾಳಿ ಊದಿ ಬಲ ಕೊಡುವ ಟರ್ಬೋ ಮಸಿ ಕಟ್ಟಿ ಹಿಡಿದುಕೊಂಡಿದೆ, ಹೊಸದೇ ಹಾಕಬೇಕು, ಬರಲು ವಾರ ಬೇಕು ಎಂದು ನಿಪ್ಪಾಣಿಯ ಗ್ಯಾರೇಜಿನವನು ಕೈ ತೊಳೆದುಕೊಂಡಿದ್ದ. ವಾರ ಎಲ್ಲಿತ್ತು? ಓಣಿಯ ಕೆಂಚವ್ವನ ಮಗಳು ರೂಪಾಲಿಗೆ ದಿನ ತುಂಬಿತ್ತು. ಕೂಸು ಅಡ್ಡ ಇದೆ, ನೋವು ಕಾಣಿಸಿದ ಕೂಡಲೇ ಕರೆತನ್ನಿ ಎಂದು ಬೆಳಗಾವಿಯ ಡಾಕ್ಟರಮ್ಮ ಹೇಳಿದ್ದರು. ಹೋದ ಸಲ ಅವಳನ್ನು ತೋರಿಸಲು ಒಯ್ಯುವಾಗ ತವಂದಿ ಘಾಟಿನ ನಡುವೆ ಗಾಡಿ ಉಸಿರು ಕಟ್ಟಿ, ಕರಿ ಹೊಗೆ ಬಿಟ್ಟು ತೆವಳಿತ್ತು. ಹಿಂದಿನ ಲಾರಿಗಳ ಹಾರ್ನು ಇಸಾಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಭೋಜ ಊರಿನ ಬಸುರಿಯರಿಗೆಲ್ಲ ಇಸಾಕನ ಗಾಡಿಯೇ ಆಗಬೇಕು. ಇದೇ ರೂಪಾಲಿ ಹುಟ್ಟುವಾಗ ಕೆಂಚವ್ವನನ್ನು ಒಯ್ದವನೂ ಅವನೇ, ಆಗ ಹಳೆಯ ಜೀಪು. ಗೇರಿನ ಪಕ್ಕದಲ್ಲಿ ಒಂದು ತಾಮ್ರದ ತಂಬಿಗೆ, ಅದರ ತುಂಬ ನೀರು. ಬಸುರಿ ಕೂತಾಗ ಒಂದು ಹನಿ ತುಳುಕಿದರೂ ಅವತ್ತು ಅವನಿಗೆ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಊರು ಹೊಗಳುತ್ತಿತ್ತು. ಅವನಿಗೂ ಅದರ ಜಂಭ ಇತ್ತು, ಸುಳ್ಳೇಕೆ ಹೇಳಬೇಕು.

ಹೆಂಡತಿ ಕುಲಸುಂಬಿ ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು ಎದುರಿಗೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಟರ್ಬೋದ ಒಳಗೆ, ಒಂದು ಬಳೆಯ ಸುತ್ತ ಜೋಡಿಸಿದ ಸಣ್ಣ ಸಣ್ಣ ರೆಕ್ಕೆಗಳು. ರಾತ್ರಿಯೆಲ್ಲ ಡೀಜಲ್ಲಿನಲ್ಲಿ ನೆನೆದರೂ ಅವುಗಳ ಸಂದಿಯ ಮಸಿ ಬಿಟ್ಟಿರಲಿಲ್ಲ.

"ಮೆತ್ತಗ ತಿಕ್ಕ. ಗೀರು ಬಿತ್ತಂದ್ರ ಮುಗೀತು," ಎಂದ ಇಸಾಕ.

"ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟಿಗೇಳಬಾರ್ದು."

"ಹೇಳು."

"ಒಲಿ ಸಣ್ಣಗ ಹೊಗ್ಯಾಡಿದ್ರ ಗಡಿಗಿಗೆ ಮಸಿ ಹತ್ತತೈತಿ. ಧಗಧಗ ಉರದ್ರ ಇಷ್ಟ್ ಹತ್ತಂಗಿಲ್ಲ. ನೀವು ಈ ಗಾಡಿನ್ನ ತಂದಾಗಿಂದ ಸಣ್ಣ ಉರಿ ಮ್ಯಾಲ ಇಟ್ಟೀರಿ."

"ಗಾಡಿ ಹೊಡ್ಯೂದು ನೀ ನನಗ ಕಲಸ್ತೀ ಏನ?"

ಕುಲಸುಂಬಿ ಮತ್ತೆ ಬ್ರಷ್ ಆಡಿಸತೊಡಗಿದಳು. ಆದರೆ ಗ್ಯಾರೇಜಿನವನೂ ಅದನ್ನೇ ಹೇಳಿದ್ದ: "ಕಾಕಾ, ನೀವು ಭಾಳ ಮೆತ್ತಗ ಹೊಡಿತೀರಿ, ಅದಕ್ಕ ಹಿಡಕೊಂಡೈತಿ." ಆ ಮಾತನ್ನು ಇಸಾಕ ಮನೆಗೆ ತಂದಿರಲಿಲ್ಲ. ತನ್ನ ಜಾಣತನವೇ ಗಾಡಿಯ ಕುತ್ತಿಗೆ ಹಿಚುಕಿತ್ತು ಎಂದು ಒಪ್ಪಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಮತ್ತೆ ತಿಕ್ಕಿದರು, ಒರೆಸಿದರು. ಕೊನೆಗೊಮ್ಮೆ ಬೆರಳು ತಾಗಿಸಿದ್ದೇ ತಡ, ಲಿವರ್ ಸರ್ರನೆ ಆಚೆ ಹೋಗಿ ಈಚೆ ಬಂತು. ರೆಕ್ಕೆಗಳೆಲ್ಲ ಒಟ್ಟಿಗೆ ತೆರೆದು ಮುಚ್ಚಿದವು. ಬಿಚ್ಚುವಾಗ ಮೊಳೆಯಿಂದ ಗೀರಿದ್ದ ಗುರುತಿಗೆ ಗುರುತು ಕೂಡಿಸಿ, ಟರ್ಬೋಗೆ ಎಣ್ಣೆ ಕುಡಿಸಿ, ಇಸಾಕ ಕೊನೆಯ ಬೋಲ್ಟು ಬಿಗಿಯುತ್ತಿದ್ದ. ಆಗ ಕೆಂಚವ್ವ ಬರಿಗಾಲಲ್ಲಿ ಓಡಿಬಂದಳು.

"ಇಸಾಕಾ, ರೂಪಾಲಿಗೆ ನೋವು ಚಾಲೂ ಆಗ್ಯಾವೋ!"

ಇಸಾಕ ಪಾನಾ ಹಿಡಿದುಕೊಂಡೇ ಎದ್ದು ನಿಂತ. "ಅಕ್ಕಾ, ಇನ್ನೂ ಓಡಿಸಿ ನೋಡಿಲ್ಲ. ನಿಪ್ಪಾಣಿಯಿಂದ ಬ್ಯಾರೆ ಗಾಡಿ ಕರಸ್ರಿ."

"ಅದು ಬರೂತನಕ ಕೂಸು ಕಾಯತೈತೇನು? ಹೊಂಡು!"

ರೂಪಾಲಿ ತುಟಿ ಕಚ್ಚಿಕೊಂಡು ನಡುವಿನ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ತಾಯಿ. ರೂಢಿಯ ಕೈ, ಇಸಾಕ ತಂಬಿಗೆ ತುಂಬಿ ಗೇರಿನ ಪಕ್ಕಕ್ಕಿಟ್ಟ. ಕುಲಸುಂಬಿ ಕಿಟಕಿಯೊಳಗೆ ಬಗ್ಗಿದಳು.

"ಇವತ್ತ ತಂಬಿಗಿ ನೋಡಬ್ಯಾಡ್ರಿ. ಮೆತ್ತಗ ಹೊಡದ್ರ ಅದು ಏರು ಏರಂಗಿಲ್ಲ."

ನಿಪ್ಪಾಣಿ ದಾಟುವ ತನಕ ಗಾಡಿ ಚೆನ್ನಾಗಿಯೇ ಓಡಿತು. ಘಾಟು ಶುರುವಾಯಿತು. ಅದೇ ತಿರುವು, ಅದೇ ಏರು. ಇಸಾಕನ ಕಣ್ಣು ರಸ್ತೆಗೊಮ್ಮೆ, ತಂಬಿಗೆಗೊಮ್ಮೆ. ನೀರು ಅಂಚಿಗೆ ಬಂದು ನಡುಗುತ್ತಿತ್ತು. ಎಕ್ಸಲೇಟರ್ ಒತ್ತಬೇಕೆಂದು ಗೊತ್ತು, ಆದರೆ ಕಾಲು ಕೇಳಲೊಲ್ಲದು. ಅಷ್ಟು ವರ್ಷ ಹಗುರಾಗಿ ಇಡಲು ಕಲಿಸಿದ ಕಾಲು ಅದು. ವೇಗ ಇಳಿಯಿತು. ಇಂಜಿನ್ನು ಗೊರಗೊರ ಎಂದಿತು. ಹಿಂದಿನಿಂದ ಲಾರಿಯ ಹಾರ್ನು.

"ಕಾಕಾ, ಮತ್ತ ಹಿಡಕೊಂತೇನ್ರಿ?" ರೂಪಾಲಿಯ ದನಿ ನೋವಿನಲ್ಲಿ ಒಡೆದಿತ್ತು.

"ಇಲ್ಲ ಮಗಳ... ಟರ್ಬೋ ಅಲ್ಲ." ಅವನ ಕಣ್ಣು ಮತ್ತೆ ತಂಬಿಗೆಯ ಕಡೆ ಹೋಯಿತು.

ಕನ್ನಡಿಯಲ್ಲಿ ಅವಳು ಅವನನ್ನೇ ನೋಡಿದಳು. ಹೊಟ್ಟೆ ಹಿಡಿದುಕೊಂಡೇ ಮುಂದೆ ಬಗ್ಗಿ ತಂಬಿಗೆ ಎತ್ತಿಕೊಂಡಳು. ಎರಡು ಗುಟುಕು ಕುಡಿದಳು. ಉಳಿದಿದ್ದನ್ನು ಕಿಟಕಿಯಿಂದ ಆಚೆ ಸುರಿದುಬಿಟ್ಟಳು.

"ಈಗ ಹೊಡೀರಿ, ಕಾಕಾ."

ಇಸಾಕ ಗೇರು ಕೆಳಗಿಳಿಸಿ ಕಾಲೊತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಾನೆಟ್ಟಿನೊಳಗಿಂದ ಸಣ್ಣದೊಂದು ಶಿಳ್ಳೆ ಎದ್ದು ಏರುತ್ತ ಹೋಯಿತು. ಗಾಡಿ ಎಲ್ಲರ ಬೆನ್ನನ್ನು ಸೀಟಿಗೊತ್ತಿ ಮುಂದೆ ಚಿಮ್ಮಿತು. ಕೆಂಚವ್ವ ಮಗಳನ್ನು ಅವಚಿಕೊಂಡಳು. ಲಾರಿ ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಯಿತು.

ಖಾಲಿ ತಂಬಿಗೆ ಪ್ರತಿ ತಿರುವಿಗೂ ಸೀಟಿನ ಕೆಳಗೆ ಡಣಡಣ ಉರುಳಾಡುತ್ತಿತ್ತು. ಯಾರೂ ಅದನ್ನು ಎತ್ತಿಡಲಿಲ್ಲ.