ಪಕ್ಕಾಸಿಗೆ ಕಟ್ಟಿದ ಹಗ್ಗ

ತಣ್ಣಗೆ, ಅಯ್ಯೋ ಎಷ್ಟು ತಣ್ಣಗೆ, ತೊಡೆಯ ಮೇಲೆ ಆರಿದ ಗಂಜಿತಿಳಿ ಚೆಲ್ಲಿದ ಹಾಗೆ ಆ ಲೇಪ — ಗಂಡನಿಗೂ ಹಗಲಲ್ಲಿ ತೋರಿಸದ ತೊಡೆ ಈಗ ಟ್ಯೂಬ್‌ಲೈಟಿನ ಕೆಳಗೆ ಬಟಾಬಯಲು, ದೇಯಿ ಸೀರೆಯನ್ನು ಇನ್ನೊಂದು ಬೆರಳು ಕೆಳಗೆಳೆಯಲು ನೋಡಿದಳು, ಕಾಲು ಸಡಿಲ ಬಿಡಿ ಅಮ್ಮ, ಬಿಗಿ ಹಿಡಿಯಬೇಡಿ, ಅಂದಳು ಸ್ಕ್ಯಾನಿಂಗಿನ ಹುಡುಗಿ ಸುಹೈಲಾ, ಬಿಗಿ ಹಿಡಿಯಲಿಕ್ಕೆ ಅಲ್ಲಿ ಎಂತ ಉಂಟು ಮಗಳೇ, ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡಳು. ದಮ್ಮು ಎದೆಯಲ್ಲಿ, ಸ್ಕ್ಯಾನಿಂಗ್ ತೊಡೆಗೆ, ಇದು ಯಾವ ಊರಿನ ನ್ಯಾಯ, ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಅಲ್ಲವೇ, ಎಳೆದುಕೊಳ್ಳುವ ಮದ್ದು ಕೊಟ್ಟು ಮನೆಗೆ ಕುಲಶೇಖರದ ಬಸ್ಸು ಹತ್ತಿಸಿದ್ದರೆ ಆಗುತ್ತಿರಲಿಲ್ಲವೇ — ಆದರೆ ಬೆಳಿಗ್ಗೆ ಡಾಕ್ಟರು ಕೇಳಿದ್ದರು, ಕೂತಲ್ಲಿಂದ ನೀವೇ ಏಳ್ತೀರಾ, ಏಳ್ತೇನೆ ಡಾಕ್ಟ್ರೇ, ಎಂದುಬಿಟ್ಟಿದ್ದಳು, ಮಗಳು ಹರಿಣಾಕ್ಷಿಯೂ ಹೌದೆಂದು ತಲೆಯಾಡಿಸಿದ್ದಳು, ಆದರೂ ಡಾಕ್ಟರು ಕಾಲು ಮುಟ್ಟಿ ನೋಡಿ ಇಲ್ಲಿಗೆ ಬರೆದುಕೊಟ್ಟರು, ಪಾಪ, ಮಗಳಿಗೇನು ಗೊತ್ತು, ಅವಳು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದ ಮೇಲೆ ಅಮ್ಮ ಕಿಟಕಿಯ ಸರಳಿಗೆ ಜೋತುಬಿದ್ದು ಏಳುವುದು, ಏಳುವಾಗಲೆಲ್ಲ ಕಣ್ಣು ತಾನಾಗಿ ಮೇಲೆ ಮಾಡಿನ ಹೆಂಚಿನ ಕಡೆ ಹೋಗುವುದು, ಅಲ್ಲಿ ಹಗ್ಗ ಇಲ್ಲವಲ್ಲ ಎಂದು ನೋಡಿಕೊಳ್ಳುವುದು.

ಪರದೆಯಲ್ಲಿ ಬೂದಿ ಬಣ್ಣ, ನಡುವೆ ಒಂದು ಬಿಳಿ ಗೆರೆ, ಅದು ಎಲುಬು, ಅದರ ಮೇಲಿನ ಈ ಪಟ್ಟಿ ಮಾಂಸ, ಸುಹೈಲಾ ಬೆರಳಿಟ್ಟು ತೋರಿಸುತ್ತಿದ್ದಾಳೆ, ಇಷ್ಟೇಯಾ, ಹರಿಣಾಕ್ಷಿ ಕೇಳುತ್ತಾಳೆ, ಇಷ್ಟೇ — ನಲವತ್ತು ವರ್ಷ ದೇಯಿ ಇದೇ ತೊಡೆಯ ಮೇಲೆ ತಡ್ಪೆ, ಎಲೆ ತುಂಬಿದ ಮೊರ, ಇಟ್ಟುಕೊಂಡು ಬೀಡಿ ಕಟ್ಟಿದ್ದು, ಹೊಗೆಸೊಪ್ಪಿನ ಪುಡಿ ಎದೆಯನ್ನು ತಿಂದದ್ದು, ಅದು ಸರಿ, ಒಪ್ಪಿದೆ, ಆದರೆ ಕಾಲು, ಕಾಲಿಗೆ ನಾನೆಂತ ಕೇಡು ಮಾಡಿದೆ? ದಮ್ಮಿಗೆ ಹೆದರಿ ನಡೆಯುವುದು ಬಿಟ್ರಿ ಅಮ್ಮ, ಅನ್ನುತ್ತಾಳೆ ಸುಹೈಲಾ, ಕಾಲು ಸೊರಗಿತು, ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ದಮ್ಮು ಕಟ್ಟಿಸ್ತದೆ — ಅದಕ್ಕೆ ಇನ್ನೂ ಹೆದರಿಕೆ, ಹೌದು, ಆದರೆ ನಡೆಯಲಿಕ್ಕೆ ಮನೆಯಲ್ಲಿ ಬಿಟ್ಟವರು ಯಾರು, ಕೂತುಕೋ ಅಮ್ಮ, ನೀರು ನಾನು ತರ್ತೇನೆ, ಹಿತ್ತಲಿಗೆ ಹೋಗಬೇಡಿ ಅತ್ತೆ, ಅಳಿಯ ಕುರ್ಚಿ ತಂದುಹಾಕಿದ, ಪ್ರೀತಿಯೇ, ಪ್ರೀತಿ ಅಲ್ಲದೆ ಮತ್ತೇನು, ದೇಯಿಯೂ ಅಂದು ಕಾವೂರಿನ ತವರಲ್ಲಿ ತನ್ನ ಅಮ್ಮನಿಗೆ ಹೀಗೆಯೇ ಹೇಳಿದ್ದಳಲ್ಲ, ಅಮ್ಮನೂ ಬೀಡಿ ಕಟ್ಟಿದವಳು, ಅಮ್ಮನಿಗೂ ದಮ್ಮು, ಕೂತುಕೋ ಅಮ್ಮ, ಕೂತುಕೋ, ಆಮೇಲೊಂದು ದಿನ ಅಮ್ಮ ಚಾಪೆಯಿಂದ ಏಳಲಾರದೆ ನಕ್ಕಳು, ಅಣ್ಣ ಮಾಡಿನ ಪಕ್ಕಾಸಿಗೆ, ಹೆಂಚು ಹೊತ್ತ ಮರದ ತೊಲೆಗೆ, ನಾರಿನ ಹಗ್ಗ ಕಟ್ಟಿ ಇಳಿಬಿಟ್ಟ, ತುದಿಗೊಂದು ಗಂಟು, ಹಿಡಿದು ಏಳಲಿಕ್ಕೆ, ಒಳ್ಳೆಯದಾಯಿತು ಎಂದರು ಎಲ್ಲರೂ, ಗಂಟು ಅಂಗೈಯ ಜಿಡ್ಡಿಗೆ ಕಪ್ಪಾಗಿ ಹೊಳೆಯತೊಡಗಿತು, ಬರಬರುತ್ತ ಕಾಲು ಏಳುವುದನ್ನೇ ಮರೆಯಿತು, ಕೈಯೂ ಸೋತಿತು, ಗಂಟು ಹಿಡಿದುಕೊಂಡು ಸುಮ್ಮನೆ ಮಲಗಿರುತ್ತಿದ್ದಳು, ಆಮೇಲೆ ಅಮ್ಮ ಇಲ್ಲ, ಹಗ್ಗ ಇತ್ತು, ಬಿಚ್ಚಲು ಯಾರಿಗೂ ಧೈರ್ಯವಿಲ್ಲ, ಗಾಳಿ ಇಲ್ಲದಾಗಲೂ ಆಡುತ್ತಿತ್ತು.

ಲೇಪ ಒರೆಸಿದ್ದಾಯಿತು, ಸೀರೆ ಇಳಿಯಿತು, ಎರಡೂ ಕಡೆಯಿಂದ ಹಿಡಿದು ಕುರ್ಚಿಯಲ್ಲಿ ಕೂರಿಸಿದರು, ಹೆದರಬೇಡಿ ಅಮ್ಮ, ಅಂದಳು ಸುಹೈಲಾ, ಪೂರ್ತಿ ಅಲ್ಲದಿದ್ರೂ ಶಕ್ತಿ ತಿರುಗಿ ಬರ್ತದೆ, ದಿನಾ ವ್ಯಾಯಾಮ ಮಾಡಬೇಕು ಅಷ್ಟೇ, ಈಗ ಎಂತದನ್ನೂ ಹಿಡಿಯದೆ ಏಳಿ ನೋಡುವ — ಹಿಡಿಯದೆ? ಕೈ ಎರಡೂ ಎದೆಗೆ ಅಡ್ಡ, ಸರಳಿಲ್ಲ, ಗೋಡೆಯಿಲ್ಲ, ಬೆಳಿಗ್ಗೆಯ ಸುಳ್ಳು ಈಗ ಮಗಳ ಕಣ್ಣೆದುರೇ ಬಯಲಾಗುತ್ತದೆ, ಏಳಿ ಅಮ್ಮ, ಪಾದ ಒತ್ತಿದಳು, ಸೊಂಟ ನಾಲ್ಕು ಬೆರಳು ಎದ್ದಿತೋ ಇಲ್ಲವೋ, ತೊಡೆ ಗಡಗಡ ನಡುಗಿ ಧೊಪ್ಪನೆ — ದಮ್ಮು, ದಮ್ಮು — ಅಯ್ಯೋ ಅಮ್ಮ, ನನಗೆ ಹೇಳಲೇ ಇಲ್ಲ ಅಲ್ಲ ನೀನು, ಹರಿಣಾಕ್ಷಿಯ ಕಣ್ಣು ತುಂಬಿದೆ, ಬೇಡ ಅಮ್ಮ, ಕೂತುಕೋ, ನಾಳೆಯೇ ಮಂಚದ ಮೇಲೆ ಹಿಡಿದು ಏಳಲಿಕ್ಕೆ ಎಂತಾದ್ರೂ ಕಟ್ಟಿಸ್ತೇನೆ — ಕಟ್ಟಿಸ್ತೇನೆ ಅಂದಳೇ, ಬೇಡ ಮಗಾ, ಕಟ್ಟಬೇಡ, ನಿನ್ನ ದಮ್ಮಯ್ಯ ಕಟ್ಟಬೇಡ, ಹೇಳಲಿಕ್ಕೆ ಉಸಿರಿಲ್ಲ, ಇನ್ನೊಮ್ಮೆ ಅಮ್ಮ, ನಿಧಾನ, ಸುಹೈಲಾ ಎದುರಲ್ಲಿ ಬಗ್ಗಿ ನಿಂತಿದ್ದಾಳೆ, ಏಳಬೇಕು, ಈಗಲೇ ಏಳಬೇಕು, ಇಲ್ಲದಿದ್ದರೆ ನಾಳೆ ಇವಳು ಕಟ್ಟಿಯೇ ಕಟ್ಟುತ್ತಾಳೆ, ದೇಯಿ ಪಾದ ಒತ್ತಿದಳು, ಹಲ್ಲು ಕಚ್ಚಿ ತಲೆ ಎತ್ತಿದಳು, ಮೇಲೆ ಬಿಳಿ ಸೀಲಿಂಗು, ಫ್ಯಾನು, ಎದೆಗೆ ಅಡ್ಡ ಹಿಡಿದ ಬಲಗೈ ತಾನಾಗಿ ಬಿಚ್ಚಿಕೊಂಡು ಮೇಲೆ ಹೋಯಿತು, ಅಲ್ಲಿ, ಬೆರಳಿಗೆ ಎಟುಕುವಷ್ಟು ಹತ್ತಿರದಲ್ಲಿ, ಗಂಟು, ಕಪ್ಪಗೆ ಹೊಳೆಯುವ ಗಂಟು —